ಹನ್ನೊಂದನೇ ಬೆಡ್ಡಿನ ಹೆಸರು

ಆ ಬಿಳಿ ಬೋರ್ಡನ್ನು ಒರೆಸಿದ್ದು ನಾನೇ. ಯಾರಿಗೋ ಹೇಳಿ ಒರೆಸಿಸಿದ್ದಲ್ಲ. ಕುರ್ಚಿಯ ಮೇಲೆ ಹತ್ತಿ, ಒದ್ದೆ ಬಟ್ಟೆಯಿಂದ ಹದಿನಾಲ್ಕು ಸಾಲುಗಳನ್ನು ಕೈಯಾರೆ ಅಳಿಸಿದೆ. ಈ ಬರಹದಲ್ಲಿ ಮುಂದೆ ನಾನು ಕೆಲವರನ್ನು ಪ್ರಶ್ನಿಸಲಿದ್ದೇನೆ. ಹಾಗಾಗಿ ಮೊದಲ ಸಾಲಿನಲ್ಲಿ ನಾನೇ ಇರಬೇಕು.

ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಗುಣಮಟ್ಟ ವಿಭಾಗದಲ್ಲಿ ನಾನು ಸಂಯೋಜಕಿಯಾಗಿದ್ದೆ. ರೋಗಿಗಳ ಸುರಕ್ಷತೆ, ಅವರ ಮಾಹಿತಿಯ ಗೋಪ್ಯತೆ ಎರಡೂ ನನ್ನ ಮೇಜಿಗೇ ಸೇರಿದ್ದವು. ಜನರಲ್ ವಾರ್ಡುಗಳಲ್ಲಿ ಸಿಸ್ಟರ್‌ಗಳು ಕೂರುವ ಮೇಜಿನ ಹಿಂದೆ, ಗೋಡೆಯ ಮೇಲೆ ಒಂದು ಬೋರ್ಡು ಇರುತ್ತಿತ್ತು. ಬೆಡ್ ನಂಬರು, ಹೆಸರು, ಊರು, ಕಾಯಿಲೆ. ಹಣ್ಣಿನ ಚೀಲ ಹಿಡಿದು ಬಂದ ಯಾರು ಬೇಕಾದರೂ ನಿಂತು ಓದಬಹುದಿತ್ತು, ಓದುತ್ತಿದ್ದರು. ವಾರ್ಡಿನ ಆಯಾ, ಹದಿನೆಂಟು ವರ್ಷದಿಂದ ಅಲ್ಲಿ ಬೆಡ್‌ಶೀಟು ಬದಲಿಸುತ್ತಿದ್ದ ಹೆಂಗಸು, ನಗುತ್ತಾ ಹೇಳುತ್ತಿದ್ದಳು: "ತ್ಯಾವರೆಕೊಪ್ಪದ ಸಫಾರಿ ಆಗ್ಹೋಗಿದೆ ಮೇಡಂ ಇದು. ಅಲ್ಲಾದ್ರೂ ಹುಲಿ ಹೆಸರು ಮಾತ್ರ ಬರೆದಿರ್ತಾರೆ, ಅದಕ್ಕೇನು ಕಾಯಿಲೆ ಅಂತ ಬರೆಯಲ್ಲ."

ಆ ಬೋರ್ಡಿನಿಂದಾಗಿ ಭದ್ರಾವತಿಯ ಒಬ್ಬ ಯುವತಿಯ ಕ್ಷಯರೋಗ ಅವಳ ಬೀದಿಗೆಲ್ಲ ತಿಳಿಯಿತು. ಅವಳು ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಬೇರೆ ಯಾರನ್ನೋ ನೋಡಲು ಬಂದ ಪಕ್ಕದ ಬೀದಿಯವರು ಬೋರ್ಡು ಓದಿಕೊಂಡು ಹೋದರು. ಅವಳು ಮನೆಗೆ ಮರಳುವ ಮೊದಲೇ ಮಕ್ಕಳು ಬರುವುದು ನಿಂತಿತ್ತು. ಮರುತಪಾಸಣೆಗೆ ಬಂದಾಗ ನನ್ನ ಮೇಜಿನ ಮುಂದೆ ನಿಂತು ಕೇಳಿದಳು: "ನನ್ನ ಕಾಯಿಲೆ ನಿಮ್ಮ ಮಾತ್ರೆಯಿಂದ ವಾಸಿಯಾಯ್ತು ಮೇಡಂ. ನಿಮ್ಮ ಬೋರ್ಡು ಮಾಡಿದ್ದಕ್ಕೆ ಮಾತ್ರೆ ಇದೆಯಾ?"

 ಅದೇ ದಿನ ಸುತ್ತೋಲೆ ಸಿದ್ಧಪಡಿಸಿದೆ. ಒಂದು, ಬೋರ್ಡಿನಲ್ಲಾಗಲೀ ಬೆಡ್ಡಿನ ತಲೆದೆಸೆಯಲ್ಲಾಗಲೀ ರೋಗಿಯ ಹೆಸರು, ಕಾಯಿಲೆ ಇರಕೂಡದು. ಎರಡು, ವಾರ್ಡಿನಲ್ಲಿ ಅವುಗಳನ್ನು ಗಟ್ಟಿಯಾಗಿ ಹೇಳಕೂಡದು. ಮೂರು, ರೋಗಿಯ ಕಡತದ ಮಾಹಿತಿಯನ್ನು ಯಾರಿಗೂ ನೀಡತಕ್ಕದ್ದಲ್ಲ. ವೈದ್ಯಕೀಯ ಅಧೀಕ್ಷಕರು ಓದದೆಯೇ ಒಪ್ಪಿದರು. ಕೆಳಗೆ ಸಹಿ ನನ್ನದು.

ಪುರುಷರ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮಾತ್ರ ಅದನ್ನು ಎರಡು ಬಾರಿ ಓದಿದರು. ನನ್ನ ತಾಯಿಯ ವಯಸ್ಸಿನವರು.

"ಕಾಯಿಲೆ ಅಳಿಸಿ, ಒಪ್ತೀನಿ. ಹೆಸರು ಯಾಕಮ್ಮ ಅಳಿಸ್ತೀರಿ? ನಮ್ಮ ಹುಡುಗಿಯರು ಗುರುತು ಹಿಡಿಯೋದು ಹೇಗೆ?"

"ಬೆಡ್ ನಂಬರಿದೆ, ಕೇಸ್ ಶೀಟಿದೆ, ಕೈಗೆ ಪಟ್ಟಿ ಇದೆ. ಇನ್ನೇನು ಬೇಕು ಸಿಸ್ಟರ್?"

"ಬೆಡ್ಡು ಕಬ್ಬಿಣದ್ದು ಕಣಮ್ಮ. ಅದಕ್ಕೆ ಸೂಜಿ ಚುಚ್ಚಲ್ಲ ನಾವು."

ಸ್ನಾತಕೋತ್ತರ ಪದವಿಯ ಎರಡು ವರ್ಷ ನಾನು ಓದಿದ್ದು ಇದನ್ನೇ. ಅವರ ಮಾತು ನನಗೆ ಹಳೆಯ ಅಭ್ಯಾಸದ ಮೊಂಡುತನದಂತೆ ಕೇಳಿಸಿತು. "ಬದಲಾವಣೆಗೆ ಸ್ವಲ್ಪ ಹೊಂದಿಕೊಳ್ಳಬೇಕು ಸಿಸ್ಟರ್" ಎಂದು ಹೇಳಿ ಕುರ್ಚಿ ಹತ್ತಿದೆ.

ಬೋರ್ಡು ಒರೆಸಿದ ಹನ್ನೆರಡನೆಯ ದಿನ ಬೆಳಗ್ಗೆ ಒಂಬತ್ತೂಕಾಲಿಗೆ, ಕೈಯಲ್ಲಿ ತಪಾಸಣಾ ಪಟ್ಟಿ ಹಿಡಿದು ನಾನು ಪುರುಷರ ವಾರ್ಡಿಗೆ ಕಾಲಿಟ್ಟೆ. ಹನ್ನೊಂದನೇ ಬೆಡ್ಡಿನ ಸುತ್ತ ಜನ ಸೇರಿದ್ದರು. ಬೆಡ್ಡಿನಲ್ಲಿದ್ದವರು ಭದ್ರಾವತಿಯವರು, ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಆ ಸದ್ದಿನಲ್ಲೇ ಕಿವಿ ಅರ್ಧ ಹೋಗಿತ್ತು. ನ್ಯುಮೋನಿಯಾ ಎಂದು ಮೂರು ದಿನದ ಹಿಂದೆ ದಾಖಲಾಗಿದ್ದರು. ಹಿಂದಿನ ದಿನವಷ್ಟೇ ನನ್ನನ್ನು ನೋಡಿ, "ಏನಮ್ಮ, ದಿನಾ ಬರೀ ಟಿಕ್ ಹಾಕ್ತೀಯ, ಪಾಸಾ ಫೇಲಾ ಹೇಳಲ್ಲ" ಎಂದು ಗದರಿಸಿ ನಕ್ಕಿದ್ದರು. ಈಗ ಅವರ ಅಂಗಿ ಮೈಗೆ ಅಂಟುವಷ್ಟು ಒದ್ದೆಯಾಗಿತ್ತು. ಕಣ್ಣು ತೆರೆದಿದ್ದರೂ ಯಾರನ್ನೂ ನೋಡುತ್ತಿರಲಿಲ್ಲ.

"ಸೈರನ್ ಆಯ್ತು... ಗೇಟ್ ಹಾಕ್ತಾರೆ... ಬಿಡ್ರೋ ನನ್ನ..."

"ರೀ! ಇಲ್ಲಿ ನೋಡ್ರೀ! ನಾನು ಕಣ್ರೀ!" ಅವರ ಹೆಂಡತಿ ಅವರ ಕೆನ್ನೆ ತಟ್ಟುತ್ತಿದ್ದರು.

ಸೋಂಕು ರಕ್ತಕ್ಕೆ ಹರಡಿರಬೇಕು ಎಂದುಕೊಂಡು ಕಿರಿಯ ವೈದ್ಯರು ಆಮ್ಲಜನಕ ಹಾಕಿಸಿದರು, ರಕ್ತದೊತ್ತಡ ನೋಡಿದರು, ಐಸಿಯುಗೆ ಫೋನ್ ಮಾಡತೊಡಗಿದರು. ಇನ್‌ಚಾರ್ಜ್ ಸಿಸ್ಟರ್ ಮಾತ್ರ ಆ ಒದ್ದೆ ಅಂಗಿಯನ್ನು ಮುಟ್ಟಿ, ಹಣೆ ಮುಟ್ಟಿ, ಹಿಂತಿರುಗಿ ಕೂಗಿದರು: "ಶುಗರ್ ನೋಡೋ ಮಿಷನ್ ತಗೊಂಬಾ, ಓಡು!"

ಬೆರಳ ತುದಿಯ ಒಂದು ಹನಿ ರಕ್ತ. ಯಂತ್ರ ಐದು ಸೆಕೆಂಡು ತೆಗೆದುಕೊಂಡಿತು. ಮೂವತ್ತನಾಲ್ಕು.

ಸಕ್ಕರೆ ಕಾಯಿಲೆಯೇ ಇಲ್ಲದ ಮನುಷ್ಯನ ರಕ್ತದಲ್ಲಿ ಎಪ್ಪತ್ತಕ್ಕಿಂತ ಕಡಿಮೆ ಇರಬಾರದು. ಮೂವತ್ತನಾಲ್ಕೆಂದರೆ ಮಿದುಳಿಗೆ ಆಹಾರವಿಲ್ಲ. ಇನ್ನು ಕೆಲವು ನಿಮಿಷ ಹೀಗೇ ಬಿಟ್ಟರೆ ಸೆಳವು, ಅಂದರೆ ಫಿಟ್ಸ್. ಅದಕ್ಕೂ ಮುಂದಿನದನ್ನು ನಾನು ಪಠ್ಯಪುಸ್ತಕದಲ್ಲಷ್ಟೇ ಓದಿದ್ದೆ. ಇಪ್ಪತ್ತೈದು ಪ್ರತಿಶತದ ಗ್ಲೂಕೋಸ್ ದ್ರಾವಣವನ್ನು ನೇರವಾಗಿ ರಕ್ತನಾಳಕ್ಕೆ ಕೊಡಬೇಕು. ಬಲಗೈಯಲ್ಲಿ ಹಾಕಿದ್ದ ಸೂಜಿಯ ಜಾಗ ಊದಿಕೊಂಡು ಕೆಟ್ಟಿತ್ತು. ಎಡಗೈಯಲ್ಲಿ ನರ ಸಿಗಲಿಲ್ಲ. ಒಂದು ಸಲ, ಎರಡು ಸಲ. ಅವರು ಕೈ ಕೊಸರುತ್ತಿದ್ದರು; ನಾನು ತಪಾಸಣಾ ಪಟ್ಟಿಯನ್ನು ನೆಲಕ್ಕೆ ಬಿಟ್ಟು ಅವರ ಮೊಣಕೈ ಒತ್ತಿ ಹಿಡಿದೆ.  ಮೂರನೆಯ ಸಲ ಸಿಸ್ಟರ್‌ಗೆ ನರ ಸಿಕ್ಕಿತು. ಸಿರಿಂಜಿನ ಮೇಲೆ ಸಿರಿಂಜು ಒಳಗೆ ಹೋಯಿತು. ಗೊಣಗಾಟ ನಿಂತಿತು. ಅವರು ರೆಪ್ಪೆ ಬಡಿದು ಹೆಂಡತಿಯನ್ನು ನೋಡಿ, "ಯಾಕೆ ಮಾರಾಯ್ತಿ ಅಳ್ತಿದೀಯ?" ಎಂದರು.

ವಾರ್ಡು ಉಸಿರು ಬಿಟ್ಟಿತು. ನನಗೆ ಆಗಲಿಲ್ಲ. ಈ ಸಕ್ಕರೆ ಎಲ್ಲಿಗೆ ಹೋಯಿತು ಎಂದು ಯಾರಿಗೂ ಗೊತ್ತಿರಲಿಲ್ಲ.

ಉತ್ತರ ಎದುರು ಸಾಲಿನಿಂದ ಬಂತು. ನಾಲ್ಕನೇ ಬೆಡ್ಡಿನಲ್ಲಿ ಕೂತಿದ್ದ ಲಾರಿ ಚಾಲಕ ನನ್ನನ್ನು ಕೈಸನ್ನೆ ಮಾಡಿ ಕರೆದ. ಮೊಣಕಾಲಿನ ಮೇಲೆ ಇಡ್ಲಿ ತಟ್ಟೆ.

"ಮೇಡಂ, ನೀವೆಲ್ಲ ಗಡಿಬಿಡಿಯಲ್ಲಿದೀರ, ಬೇಜಾರು ಮಾಡ್ಕೋಬೇಡಿ. ನನ್ನ ಸಕ್ಕರೆ ಸೂಜಿ ಇನ್ನೂ ಹಾಕಿಲ್ಲ. ತಿಂಡಿ ತಣ್ಣಗಾಯ್ತು."

ಕೇಸ್ ಶೀಟುಗಳನ್ನು ಬೆಡ್ ನಂಬರಿನ ಗೂಡುಗಳಲ್ಲಿ ಇಡುತ್ತೇವೆ. ಹನ್ನೊಂದರ ಗೂಡಿಗೆ ಕೈ ಹಾಕಿದೆ. ಹೊರಬಂದದ್ದು ಚಾಲಕನ ಕಡತ. ಬೆಳಗ್ಗೆ ಆರಕ್ಕೆ ಸಕ್ಕರೆ ಇನ್ನೂರ ಅರವತ್ತು. ಏಳೂವರೆಗೆ ಇನ್ಸುಲಿನ್ ಇಪ್ಪತ್ತೆರಡು ಯೂನಿಟ್, 'ಕೊಡಲಾಗಿದೆ', ಒಬ್ಬ ಕಿರಿಯ ಸಿಸ್ಟರ್ ಸಹಿ. ಕೊಟ್ಟದ್ದು ಹನ್ನೊಂದನೇ ಬೆಡ್ಡಿಗೆ. ಆ ಹೊತ್ತಿಗೆ ಅಲ್ಲಿ ಮಲಗಿದ್ದವರು ಭದ್ರಾವತಿಯ ಹಿರಿಯರು. ಬೆಳಗ್ಗೆ ಎರಡು ಚಮಚ ಗಂಜಿಗಿಂತ ಹೆಚ್ಚು ಅವರು ಕುಡಿದಿರಲಿಲ್ಲ. ನಾಲ್ಕನೇ ಬೆಡ್ಡಿಗೆಂದು ಆ ಹಿರಿಯರ ಹತ್ತು ಗಂಟೆಯ ಆಂಟಿಬಯೋಟಿಕ್ ಟ್ರೇಯಲ್ಲಿ ಸಿದ್ಧವಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದು ಚಾಲಕನ ಮೈ ಸೇರುತ್ತಿತ್ತು. ಇನ್‌ಚಾರ್ಜ್ ಸಿಸ್ಟರ್ ಅದನ್ನು ತೆಗೆದು ಬದಿಗಿಟ್ಟರು. ನನ್ನತ್ತ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಆಯಾ ಬಾಗಿಲ ಬಳಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಬೆಡ್ಡು ಬದಲಿಸಿದ್ದು ನಾನೇ ಮೇಡಂ. ಏಳು ಗಂಟೆಗೆ, ಬೆಡ್‌ಶೀಟು ಹಾಕುವಾಗ. ಆ ಅಮ್ಮ ಮೂರು ದಿನದಿಂದ ಕೇಳ್ತಾ ಇದ್ರು, ಉತ್ತರಕ್ಕೆ ತಲೆ ಹಾಕಿ ಮಲಗಿಸಿದೀರ, ಹೆದರಿಕೆ ಆಗುತ್ತೆ ಅಂತ. ಡ್ರೈವರಣ್ಣ ಒಪ್ಪಿದ್ರು. ಲಾರಿ ಸೀಟಲ್ಲೇ ಮಲಗೋನಿಗೆ ಯಾವ ದಿಕ್ಕು ಅಂದ್ರು."

ಆ ವಾರ್ಡಿನಲ್ಲಿ ಒಂದರಿಂದ ಏಳರವರೆಗಿನ ಬೆಡ್ಡುಗಳ ತಲೆ ಉತ್ತರದ ಗೋಡೆಗೆ, ಉಳಿದ ಏಳರದ್ದು ದಕ್ಷಿಣಕ್ಕೆ. ಕಟ್ಟಡದ ನಕ್ಷೆ ಮಾಡಿದವರು ದಿಕ್ಕು ನೋಡಿರಲಿಲ್ಲ, ಮಲಗುವವರು ನೋಡುತ್ತಾರೆ. ವಾರದಲ್ಲಿ ಎರಡು ಮೂರು ಸಲ ಹೀಗೆ ಅದಲು ಬದಲಾಗುತ್ತದೆ ಎಂಬುದು ಆ ವಾರ್ಡಿನ ಎಲ್ಲರಿಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

"ಸಿಸ್ಟರ್‌ಗೆ ಯಾಕೆ ಹೇಳಲಿಲ್ಲ?" ನನ್ನ ದನಿ ಏರಿತು.

"ಮುಂಚೆ ಬೋರ್ಡಲ್ಲಿ ಹೆಸರು ಅದಲು ಬದಲು ಬರೆಸ್ತಿದ್ದೆ ಮೇಡಂ. ಅದೇ ಹೇಳಿದ ಹಾಗೆ ಆಗ್ತಿತ್ತು. ಬೋರ್ಡು ನೋಡಿ ಅವರೇ ಕೇಸ್ ಶೀಟು ಬದಲಾಯಿಸ್ತಿದ್ರು. ಈಗ ಬರೆಸೋಕೆ ಹೆಸರೇ ಇಲ್ವಲ್ಲ."

 ಕೈಪಟ್ಟಿ ಎಲ್ಲಿ ಎಂದು ಹುಡುಕಿದೆ. ಹಿರಿಯರ ಕೈ ಊದಿಕೊಂಡಾಗ ಅದನ್ನು ಕತ್ತರಿಸಿ, ಕಳೆದುಹೋಗದಿರಲೆಂದು ಕೇಸ್ ಶೀಟಿಗೆ ಅಂಟಿಸಿದ್ದರು. ಅದೂ ಹೊಸದಲ್ಲ. ನನ್ನ ತಪಾಸಣಾ ಪಟ್ಟಿಯಲ್ಲಿ 'ಕೈಪಟ್ಟಿ ಇದೆಯೇ' ಎಂಬ ಕಲಮಿಗೆ, ಕಡತದಲ್ಲಿ ಅಂಟಿದ ಪಟ್ಟಿ ನೋಡಿಯೇ ನಾನು ಟಿಕ್ ಹಾಕುತ್ತಿದ್ದೆ. ಸೂಜಿ ಹಾಕಿದ ಸಿಸ್ಟರ್ ಇಪ್ಪತ್ತೆರಡರ ಹುಡುಗಿ. "ಹೆಸರು ಕೇಳಬೇಕು ಅನ್ನಿಸ್ತು ಮೇಡಂ. ಗಟ್ಟಿಯಾಗಿ ಹೇಳಬಾರದು ಅಂತ ಬರೆದಿತ್ತಲ್ಲ. ಅವರಿಗೆ ಕಿವಿ ಬೇರೆ ಕೇಳಲ್ಲ" ಎಂದಳು. ನನ್ನ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ.

ಭಯ ಅಲ್ಲಿಗೆ ಮುಗಿಯಲಿಲ್ಲ. ಆ ಇನ್ಸುಲಿನ್‌ನ ಒಂದು ಭಾಗ ತಕ್ಷಣ ಕೆಲಸ ಮಾಡುತ್ತದೆ. ಇನ್ನೊಂದು ಭಾಗ ದಿನವಿಡೀ ಮೈಯಲ್ಲಿದ್ದು ಕೆಲಸ ಮಾಡುತ್ತಲೇ ಇರುತ್ತದೆ. ಹತ್ತು ಗಂಟೆಗೆ ನೂರ ಹನ್ನೆರಡು ಇದ್ದದ್ದು ಹನ್ನೊಂದಕ್ಕೆ ಐವತ್ತೆಂಟು. ಮತ್ತೆ ಗ್ಲೂಕೋಸ್, ಐಸಿಯು, ಹದಿನೈದು ನಿಮಿಷಕ್ಕೊಮ್ಮೆ ಬೆರಳಿಗೆ ಸೂಜಿ. ಅರವತ್ತಾರು. ತೊಂಬತ್ತು. ಐವತ್ತೊಂದು. ನಾನು ಐಸಿಯು ಬಾಗಿಲ ಗಾಜಿನ ಆಚೆ ನಿಂತು ಒಂದೊಂದು ಅಂಕಿಗೂ ಕಾಯುತ್ತಿದ್ದೆ. ಸಂಜೆ ಐದರ ನಂತರ ಅಂಕಿಗಳು ನೂರರ ಮೇಲೆ ನಿಂತವು.

ಅಷ್ಟು ಹೊತ್ತೂ ಅವರ ಹೆಂಡತಿ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಮಧ್ಯಾಹ್ನ ಒಮ್ಮೆ ಕೇಳಿದರು: "ಬೆಳಗ್ಗೆ ಹೊಟ್ಟೆಗೆ ಒಂದು ಸೂಜಿ ಹಾಕಿದ್ರಲ್ಲಮ್ಮ, ಯಾವುದದು? ಯಾವತ್ತೂ ಹೊಟ್ಟೆಗೆ ಹಾಕಿರಲಿಲ್ಲ."

"ಡಾಕ್ಟರ್ ಹೇಳ್ತಾರೆ ಅಮ್ಮ" ಎಂದೆ.

ಬದುಕಿನಲ್ಲಿ ನಾನಾಡಿದ ಅತ್ಯಂತ ಹೇಡಿತನದ ಮಾತು ಅದು. ಡಾಕ್ಟರ್ ಹೇಳಲಿಲ್ಲ. ಮೂರು ದಿನಗಳ ನಂತರ ಬಿಡುಗಡೆ ಪತ್ರದಲ್ಲಿ 'ತಾತ್ಕಾಲಿಕ ಅಸ್ವಸ್ಥತೆ, ಚಿಕಿತ್ಸೆಯಿಂದ ಚೇತರಿಕೆ' ಎಂದಷ್ಟೇ ಬರೆಯಲಾಯಿತು. ಆ ತಾಯಿ ದಾಖಲೆ ಕೌಂಟರಿಗೆ ಹೋಗಿ ಗಂಡನ ಕಡತದ ಪ್ರತಿ ಕೇಳಿದರು. ಕೌಂಟರಿನವನು ಗಾಜಿಗೆ ಅಂಟಿಸಿದ್ದ ಹಾಳೆ ತೋರಿಸಿದ: 'ಯಾರಿಗೂ ನೀಡತಕ್ಕದ್ದಲ್ಲ.' ಕೆಳಗೆ ನನ್ನ ಸಹಿ. ನಾನು ಕೌಂಟರಿನ ಪಕ್ಕದ ಕಂಬದ ಹಿಂದೆಯೇ ನಿಂತಿದ್ದೆ.

ತನ್ನ ಕಡತದ ಪ್ರತಿ ಕೇಳುವುದು ರೋಗಿಯ ಹಕ್ಕು. ಗೋಪ್ಯತೆ ರೋಗಿಯ ಸ್ವತ್ತು, ಆಸ್ಪತ್ರೆಯದ್ದಲ್ಲ. ಅವನ ಮೈಮೇಲೆ ಏನು ನಡೆಯಿತೆಂಬುದನ್ನು ಅವನಿಂದಲೇ ಬಚ್ಚಿಡುವುದಕ್ಕೆ ಬೇರೆ ಹೆಸರಿದೆ. ಇದನ್ನು ನಾನು ಅಧೀಕ್ಷಕರ ಕೋಣೆಯಲ್ಲಿ ಹೇಳಿದೆ. ಇಷ್ಟು ಚೆನ್ನಾಗಿ ಹೇಳಲಾಗಲಿಲ್ಲ.

ಅವರು ಕೋಪಿಸಿಕೊಳ್ಳಲಿಲ್ಲ. "ನೋಡಮ್ಮ, ಅವರು ಆರೋಗ್ಯವಾಗಿ ಮನೆಗೆ ಹೋಗಿದಾರೆ. ಬೆಡ್ ಬದಲಾಯಿಸಿ ಅಂತ ಹಟ ಹಿಡಿದದ್ದು ಅವರ ಮನೆಯವರು. ಅನುಮತಿ ಇಲ್ಲದೆ ಬದಲಾಯಿಸಿದ್ದು ಆಯಾ. ಅವಳಿಗೆ ಇನ್ನು ಕೆಲಸಕ್ಕೆ ಬರಬೇಡ ಅಂತ ಹೇಳಿಯಾಗಿದೆ. ನೀನೊಂದು ಕೆಲಸ ಮಾಡು." ಮೇಜಿನ ಮೇಲಿದ್ದ ಟೈಪ್ ಮಾಡಿದ ಹಾಳೆಯನ್ನು ನನ್ನತ್ತ ಸರಿಸಿದರು. 'ನಮ್ಮ ಒತ್ತಾಯದಿಂದಲೇ ಬೆಡ್ ಬದಲಾಯಿಸಲಾಯಿತು. ಅದರಿಂದಾದ ತೊಂದರೆಗೆ ಆಸ್ಪತ್ರೆ ಹೊಣೆಯಲ್ಲ.' ಕೆಳಗೆ ಸಹಿಗೆ ಜಾಗ. "ಭದ್ರಾವತಿಗೆ ಹೋಗಿ ಸಹಿ ಮಾಡಿಸಿಕೊಂಡು ಬಾ. ನಿನ್ನ ಸುತ್ತೋಲೆ ವಿಷಯ ಎಲ್ಲೂ ಬರಲ್ಲ. ಅದನ್ನ ನಾನು ನೋಡ್ಕೋತೀನಿ."

ಕೊನೆಯ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ದಯೆ ಇತ್ತು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಇಲ್ಲ ಎನ್ನಲಾಗದೆ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡೆ.

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ಆ ದಿನ ಆ ದಾರಿ ಮುಗಿಯದಿರಲಿ ಅನ್ನಿಸುತ್ತಿತ್ತು. ಶಿವಮೊಗ್ಗದ ಹೊಸಮನೆ ಬಡಾವಣೆಯ ನನ್ನ ಬಾಡಿಗೆ ಕೋಣೆ, ಈ ಕೆಲಸ ಸಿಕ್ಕಿತೆಂದು ಊರಿಗೆಲ್ಲ ಸಿಹಿ ಹಂಚಿದ ಅಪ್ಪ, ಮುಂದೆ ಯಾವ ಆಸ್ಪತ್ರೆ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎಲ್ಲವೂ ಕಿಟಕಿಯ ಆಚೆ ಓಡಿದವು. ಸಹಿ ಮಾಡಿಸಿದರೆ ಇದೆಲ್ಲ ಉಳಿಯುತ್ತದೆ. ಭದ್ರಾ ನದಿಯ ಸೇತುವೆ ದಾಟುವಾಗ ಒಂದು ನಿರ್ಧಾರ ಮಾಡಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಿರ್ಧಾರವಿಲ್ಲದೆಯೇ ಅವರ ಬಾಗಿಲು ತಟ್ಟಿದೆ.

ಕಾರ್ಖಾನೆಯ ಹಳೆಯ ಕ್ವಾರ್ಟರ್ಸು. ಪಕ್ಕದ ಮನೆಯಲ್ಲಿ ಯಾರೋ ತಮಿಳಿನಲ್ಲಿ ಮಗುವನ್ನು ಗದರುತ್ತಿದ್ದರು. ಆ ಹಿರಿಯರು ಜಗುಲಿಯ ಕುರ್ಚಿಯಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದರು. "ಓಹೋ, ಟಿಕ್ ಮೇಡಮ್ಮು!" ಎಂದು ನಕ್ಕರು. ಹೆಂಡತಿ ನಗಲಿಲ್ಲ. ನನ್ನನ್ನು ಒಳಗೆ ಅಡುಗೆಮನೆಗೆ ಕರೆದೊಯ್ದು ಮೆಲ್ಲಗೆ ಹೇಳಿದರು:

"ನಿಮ್ಮ ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಾನು ಬೆಡ್ ಬದಲಾಯಿಸಿ ಅಂದಿದ್ದಕ್ಕೇ ಹಿಂಗಾಯ್ತು ಅಂದ್ರು. ಹೌದೇನಮ್ಮ? ಇವರಿಗೆ ಹೇಳಿಲ್ಲ ನಾನು. ಉತ್ತರಕ್ಕೆ ತಲೆ ಇದ್ರೆ ಏನೋ ಆಗಿಬಿಡುತ್ತೆ ಅಂತ ಹೆದರಿ ಕೇಳಿದೆ. ನಾನೇ ಕೊಂದುಬಿಡ್ತಿದ್ನಾ ಇವರನ್ನ? ಊಟ ಸೇರ್ತಿಲ್ಲ ನಂಗೆ. ಅವರು ನಿದ್ದೆ ಮಾಡಿದ್ರೆ ಉಸಿರಾಡ್ತಿದಾರಾ ಅಂತ ಮೂಗಿನ ಹತ್ರ ಕೈ ಇಡ್ತೀನಿ."

ಚೀಲದಲ್ಲಿದ್ದ ಹಾಳೆ ಆ ಹೆಂಗಸಿನ ಸಹಿಗಾಗಿ ಕಾಯುತ್ತಿತ್ತು. ಆ ಸಹಿ ಬಿದ್ದರೆ ಅವರು ಬದುಕಿರುವವರೆಗೆ ಆ ಮೂಗಿನ ಬಳಿಯಿಂದ ಕೈ ತೆಗೆಯಲಾರರು ಎಂದು ನನಗೆ ಅನಿಸಿತು.

"ನಿಮ್ಮ ತಪ್ಪಲ್ಲ ಅಮ್ಮ" ಎಂದೆ. "ಜಗುಲಿಗೆ ಬನ್ನಿ. ಇಬ್ಬರಿಗೂ ಹೇಳ್ತೀನಿ."

ಹೇಳಿದೆ. ಇನ್ಸುಲಿನ್, ಇಪ್ಪತ್ತೆರಡು ಯೂನಿಟ್, ಯಾರಿಗೆ ಸೇರಬೇಕಿತ್ತು, ಯಾರಿಗೆ ಹೋಯಿತು. ಬೋರ್ಡು, ಸುತ್ತೋಲೆ, ಕೈಪಟ್ಟಿ. ಅವರಿಗೆ ಕೇಳಿಸಲೆಂದು ಕೆಲವನ್ನು ಎರಡೆರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟ. ಟೈಪ್ ಮಾಡಿದ ಹಾಳೆಯನ್ನೂ ತೆಗೆದು ಅವರ ಮುಂದಿಟ್ಟೆ. ಅವರು ಅದನ್ನು ಓದಿ, ಮಡಿಸಿ, ನೀರಿನ ಲೋಟದ ಕೆಳಗೆ ಇಟ್ಟರು.

ಅವರ ಮುಖದ ನಗು ಹೋಗಿತ್ತು.

"ನಾನು ಎಚ್ಚರವಾಗೇ ಇದ್ದೆನಲ್ಲಮ್ಮ" ಎಂದರು. "ಆ ಹುಡುಗಿ ಸೂಜಿ ಹಿಡ್ಕೊಂಡು ಬಂದಾಗ ಕಣ್ಣು ಬಿಟ್ಕೊಂಡು ನೋಡ್ತಾ ಇದ್ದೆ. ಹೆಸರೇನು ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ಲೋಟದ ಕೆಳಗಿದ್ದ ಹಾಳೆಯನ್ನು ಬೆರಳಿನಿಂದ ತಟ್ಟಿ ಅವರೇ ಮುಂದುವರಿಸಿದರು. 

"ಕಾರ್ಖಾನೇಲಿ ನಮ್ಮ ಕುಲುಮೆ ಶಾಪಲ್ಲಿ ಯಾರಿಗಾದ್ರೂ ಸುಟ್ಟರೆ ಅವತ್ತು ಸಾಯಂಕಾಲದೊಳಗೆ ಬರೀಬೇಕಿತ್ತು. ಏನಾಯ್ತು, ಯಾಕಾಯ್ತು, ಯಾರ ಆರ್ಡರು. ಬರೆಯದಿದ್ರೆ ನಾಳೆ ಅದೇ ಜಾಗದಲ್ಲಿ ಇನ್ನೊಬ್ಬ ಸುಡ್ತಾನೆ." ಹೆಂಡತಿಯತ್ತ ತಿರುಗಿದರು. "ನೋಟ್‌ಬುಕ್ ತಗೊಂಬಾ ಮಾರಾಯ್ತಿ. ಪೆನ್ನೂ."

ಮೊಣಕಾಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ದೂರು ಬರೆಯತೊಡಗಿದರು. ಊತ ಇನ್ನೂ ಪೂರ್ತಿ ಇಳಿಯದ ಕೈ. ನಾಲ್ಕನೇ ಬೆಡ್ಡಿನ ಚಾಲಕನಿಗೂ ನಿಜ ತಿಳಿಸಬೇಕೆಂದು ಬರೆದರು. ಕಡತದ ಪ್ರತಿ ಬೇಕೆಂದು ಬರೆದರು. ಹೆಂಡತಿ ಬಾಗಿಲಿಗೆ ಒರಗಿ ನಿಂತು, "ಆ ಆಯಾನ ಕೆಲಸದಿಂದ ತೆಗೀಬಾರದು ಅಂತಾನೂ ಹಾಕ್ರೀ. ಪಾಪ, ನಾನು ಕೇಳಿದ್ದಕ್ಕೆ ಮಾಡಿದ್ಲು" ಎಂದರು. ಅದನ್ನೂ ಹಾಕಿದರು. ಬೋರ್ಡಿನ ವಿಷಯಕ್ಕೆ ಬಂದಾಗ ನಾನು ಆ ಯುವತಿಯ ಕಥೆಯನ್ನು, ಹೆಸರು ಬೀದಿ ಯಾವುದೂ ಬಾರದಂತೆ, ಹೇಳಿದೆ. ಅವರು ಪೆನ್ನು ನಿಲ್ಲಿಸಿ ಯೋಚಿಸಿದರು. ಆಮೇಲೆ ಬರೆದರು: 'ಕಾಯಿಲೆ ಬರೆಯಬಾರದು, ಸರಿ. ಆದರೆ ಸೂಜಿ ಹಾಕುವ ಮೊದಲು ಹೆಸರನ್ನು ರೋಗಿಯ ಬಾಯಿಂದಲೇ ಕೇಳಬೇಕು.' ಎರಡು ವರ್ಷದ ಪದವಿ ನನಗೆ ಬರೆಯಲು ಕಲಿಸದ ವಾಕ್ಯ.

ನಂತರ ತಲೆಯೆತ್ತಿದರು.

"ಆ ಸುತ್ತೋಲೆಗೆ ಸಹಿ ಮಾಡಿದವರ ಹೆಸರು ಬೇಕು."

ಹೇಳಿದೆ.

ಅವರು ಕಿವಿಗೆ ಅಂಗೈ ಒಡ್ಡಿದರು. "ಕೇಳಿಸಲಿಲ್ಲಮ್ಮ. ಸ್ವಲ್ಪ ಗಟ್ಟಿಯಾಗಿ ಹೇಳು."

 ನಾನು ಎದ್ದು ನಿಂತು, ನನ್ನ ಹೆಸರನ್ನೂ ಹುದ್ದೆಯನ್ನೂ ಹೇಳಿದೆ. ಪಕ್ಕದ ಮನೆಯ ತಮಿಳಿನ ಗದರಿಕೆ ಥಟ್ಟನೆ ನಿಲ್ಲುವಷ್ಟು ಗಟ್ಟಿಯಾಗಿ.